ಎರಡೇ ಪೆಡಲ್, ಒಂದೇ ಕಾಲು: ಐದು ಬಗೆಯ ಆಟೋಮ್ಯಾಟಿಕ್‌ಗಳನ್ನು ಪೆಡಲಿನ ಕಡೆಯಿಂದ ನೋಡಿದಾಗ

ಆಟೋಮ್ಯಾಟಿಕ್ ಕಾರುಗಳ ವಿಮರ್ಶೆಗಳಲ್ಲಿ ಪಿಕಪ್, ಮೈಲೇಜ್, ಸ್ಕ್ರೀನಿನ ಗಾತ್ರ ಎಲ್ಲ ಬರುತ್ತವೆ. ಬ್ರೇಕ್ ಮೇಲಿಂದ ಕಾಲು ಎತ್ತಿದ ಮೊದಲ ಎರಡು ಸೆಕೆಂಡಿನಲ್ಲಿ ಕಾರು ಏನು ಮಾಡುತ್ತದೆ ಎನ್ನುವುದು ಮಾತ್ರ ಬರುವುದಿಲ್ಲ. ದಿನಾ ಓಡಿಸುವವರಿಗೆ ಬೇಕಾದದ್ದು ಅದೇ. ಗೋಡೆಗೆ ಒಂದಡಿ ಬಿಟ್ಟು ಪಾರ್ಕ್ ಮಾಡುವಾಗ, ಏರಿನಲ್ಲಿ ಹಿಂದೆ ಇನ್ನೊಂದು ಗಾಡಿ ಅಂಟಿಕೊಂಡು ನಿಂತಿರುವಾಗ, ಜಾಮ್‌ನಲ್ಲಿ ಆಮೆವೇಗದಲ್ಲಿ ಸಾಗುವಾಗ ಕಾರು ನಿಮ್ಮ ಮಾತು ಕೇಳುತ್ತದೋ ಇಲ್ಲವೋ ಎಂಬುದು ಆ ಎರಡು ಸೆಕೆಂಡಿನಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಇದು ಒಂದು ಮಾಡೆಲ್‌ನ ವಿಮರ್ಶೆಯಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ, ಎಎಂಟಿ, ಎಲೆಕ್ಟ್ರಿಕ್ ಈ ಐದು ಬಗೆಗಳು ಬಲಗಾಲಿನ ಕೆಳಗೆ ಹೇಗೆ ನಡೆದುಕೊಳ್ಳುತ್ತವೆ, ಯಾವುದನ್ನು ಹೇಗೆ ಒತ್ತಬೇಕು, ಎಲ್ಲಿ ಕೈಕೊಡುತ್ತವೆ ಎಂಬುದರ ವಿಮರ್ಶೆ.

ಮ್ಯಾನುಯಲ್ ಓಡಿಸಿ ರೂಢಿಯಾದವರು ಮೊದಲು ತಲೆಯಲ್ಲಿ ಒಂದು ಅದಲುಬದಲು ಮಾಡಿಕೊಳ್ಳಬೇಕು. ಮ್ಯಾನುಯಲ್‌ನಲ್ಲಿ ಕಾರನ್ನು ಹೊರಡಿಸುವುದು ಕ್ಲಚ್ ಮತ್ತು ಆಕ್ಸಿಲರೇಟರ್. ಆಟೋಮ್ಯಾಟಿಕ್‌ನಲ್ಲಿ ಹೊರಡಿಸುವುದೂ ನಿಲ್ಲಿಸುವುದೂ ಹೆಚ್ಚಾಗಿ ಬ್ರೇಕ್. ಗೇರ್ ಲಿವರನ್ನು ಡಿ (ಮುಂದಕ್ಕೆ) ಅಥವಾ ಆರ್‌ಗೆ (ರಿವರ್ಸ್) ಹಾಕಿದ ಮೇಲೆ ಬ್ರೇಕ್ ಸಡಿಲಿಸಿದರೆ ಸಾಕು, ಕಾರು ತಾನಾಗಿ ತೆವಳತೊಡಗುತ್ತದೆ. ಈ ತೆವಳಿಕೆಗೆ ಕ್ರೀಪ್ ಎನ್ನುತ್ತಾರೆ. ಸಮತಟ್ಟಾದ ನೆಲದಲ್ಲಿ ಇದರ ವೇಗ ಸಾಮಾನ್ಯವಾಗಿ ಗಂಟೆಗೆ 5ರಿಂದ 10 ಕಿ.ಮೀ. ಪಾರ್ಕಿಂಗ್ ಮಾಡಲು, ಇಕ್ಕಟ್ಟಿನಲ್ಲಿ ತಿರುಗಿಸಲು ಅಷ್ಟು ವೇಗ ಧಾರಾಳ. ಅಂಥ ಕಡೆ ಆಕ್ಸಿಲರೇಟರ್ ಮುಟ್ಟುವ ಅಗತ್ಯವೇ ಇಲ್ಲ. ಕಾಲು ಬ್ರೇಕಿನ ಮೇಲೇ ಇದ್ದು, ಒತ್ತಡ ಹೆಚ್ಚು ಕಡಿಮೆ ಮಾಡುತ್ತ ವೇಗ ಹಿಡಿಯಬೇಕು. ಇದೊಂದು ಅಭ್ಯಾಸ ಬಂದರೆ ಆಟೋಮ್ಯಾಟಿಕ್ ಓಡಿಸುವುದರಲ್ಲಿ ಮುಕ್ಕಾಲು ಭಾಗ ಬಂದ ಹಾಗೆ.

ಮೊದಲು ಕಾಲಿನ ವಿಷಯ

ಎರಡು ಪೆಡಲ್ ಇದೆ ಎಂದು ಎರಡು ಕಾಲು ಬಳಸಬಾರದು. ಬ್ರೇಕ್, ಆಕ್ಸಿಲರೇಟರ್ ಎರಡಕ್ಕೂ ಬಲಗಾಲೇ. ಎಡಗಾಲು ಎಡಬದಿಯ ಫುಟ್‌ರೆಸ್ಟ್ ಮೇಲೆ, ಅಂದರೆ ಡೆಡ್ ಪೆಡಲ್ ಮೇಲೆ. ಕಾರಣ ಸರಳ. ಕ್ಲಚ್ ತುಳಿದು ಪಳಗಿದ ಎಡಗಾಲಿಗೆ ಗೊತ್ತಿರುವುದು ನೆಲ ಮುಟ್ಟುವ ತನಕ ಒಂದೇ ಏಟಿಗೆ ಒತ್ತುವುದು. ಅದೇ ಕಾಲು ಅಗಲವಾದ ಬ್ರೇಕ್ ಪೆಡಲಿನ ಮೇಲೆ ಬಿದ್ದರೆ ಕಾರು ಮೂಗು ನೆಲಕ್ಕಿಟ್ಟು ನಿಲ್ಲುತ್ತದೆ, ಹಿಂದಿನವನು ಬಂದು ಗುದ್ದುತ್ತಾನೆ. ಇನ್ನು ಕೆಲವರ ಎಡಗಾಲು ಸದಾ ಬ್ರೇಕನ್ನು ಸವರಿಕೊಂಡಿರುತ್ತದೆ: ಬ್ರೇಕ್ ಲೈಟ್ ಆರುವುದೇ ಇಲ್ಲ, ಪ್ಯಾಡ್ ಬಿಸಿಯಾಗಿ ಬೇಗ ಸವೆಯುತ್ತದೆ, ನಿಜಕ್ಕೂ ಬ್ರೇಕ್ ಹಿಡಿದಾಗ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಬೆಚ್ಚಿಬಿದ್ದಾಗಿನದು. ಗಾಬರಿಯಾದ ದೇಹ ಎರಡೂ ಕಾಲನ್ನು ಒಟ್ಟಿಗೆ ಸೆಟೆಸುತ್ತದೆ. ಎರಡೂ ಪೆಡಲಿನ ಮೇಲೆ ಕಾಲಿದ್ದರೆ ಎರಡೂ ಒತ್ತಿಹೋಗುತ್ತವೆ. ರೇಸಿಂಗ್‌ನವರು ಎಡಗಾಲಿನಲ್ಲಿ ಬ್ರೇಕ್ ಹಿಡಿಯುತ್ತಾರಲ್ಲ ಎಂಬ ವಾದ ರಸ್ತೆಗೆ ಹೊಂದುವುದಿಲ್ಲ. ಅವರದು ಸೀಟಿಗೆ ಬಿಗಿದು ಕಟ್ಟಿದ ದೇಹ, ಅದಕ್ಕೆಂದೇ ತರಬೇತಿ ಪಡೆದ ಕಾಲು. ಬಲಗಾಲು ಬಳಸಲಾಗದವರು ಆಕ್ಸಿಲರೇಟರನ್ನು ಬ್ರೇಕಿನ ಎಡಕ್ಕೆ ಅಳವಡಿಸಿಕೊಳ್ಳುವುದು ಬೇರೆಯೇ ವಿಷಯ, ಅದು ಸರಿಯಾದ ವ್ಯವಸ್ಥೆ.

ಬಲ ಹಿಮ್ಮಡಿಯನ್ನು ಎಲ್ಲಿ ಊರಬೇಕು? ಬ್ರೇಕ್ ಪೆಡಲಿನ ನೇರಕ್ಕೆ, ಬೇಕಿದ್ದರೆ ಒಂದು ಬೆರಳಿನಷ್ಟು ಬಲಕ್ಕೆ. ಆಕ್ಸಿಲರೇಟರಿನ ಎದುರಿಗಲ್ಲ. ಹಾಗೆ ಊರಿದಾಗ ಪಾದ ನೆಟ್ಟಗಿದ್ದರೆ ಬ್ರೇಕ್, ಮುಂಗಾಲನ್ನು ಬಲಕ್ಕೆ ಹೊರಳಿಸಿದರೆ ಆಕ್ಸಿಲರೇಟರ್. ಕಾಲಿನ ಸಹಜ ನೆಲೆ ಬ್ರೇಕ್ ಆಗಿರಬೇಕು, ಆಕ್ಸಿಲರೇಟರ್ ಅಲ್ಲಿಂದ ಹೊರಳಿ ಹೋಗಿ ಬರುವ ಜಾಗ ಆಗಿರಬೇಕು ಎಂಬುದೇ ಇದರ ಉದ್ದೇಶ. ಒತ್ತುವುದು ಹೆಬ್ಬೆರಳಿನ ಬುಡದ ಉಬ್ಬಿನಿಂದ. ಬೆರಳ ತುದಿಯಿಂದಲೂ ಅಲ್ಲ, ಪಾದದ ನಡುವಿನಿಂದಲೂ ಅಲ್ಲ. ಪಾದ ಚಿಕ್ಕದಿದ್ದು ಹಿಮ್ಮಡಿ ಊರಿದರೆ ಬ್ರೇಕ್ ಎಟುಕುವುದಿಲ್ಲ ಎನ್ನುವವರು ಹೊರಳಿಸುವ ಹಟ ಬಿಟ್ಟು, ಪ್ರತಿ ಸಲ ಕಾಲು ಪೂರ್ತಿ ಎತ್ತಿ ಬ್ರೇಕಿನ ನಡುಭಾಗಕ್ಕೇ ಇಡುವುದು ಒಳ್ಳೆಯದು. ಅರ್ಧಂಬರ್ಧ ಹೊರಳಿದ ಕಾಲು ಎರಡು ಪೆಡಲಿನ ನಡುವೆ ಸಿಕ್ಕಿಬೀಳುತ್ತದೆ.

ಸೀಟಿನ ಅಳತೆಯನ್ನೂ ಪೆಡಲಿನಿಂದಲೇ ತೆಗೆಯಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಬೆನ್ನು ಮತ್ತು ಸೊಂಟವನ್ನು ಸೀಟಿಗೆ ಒರಗಿಸಿ, ಬ್ರೇಕನ್ನು ಎಷ್ಟು ಆಗುತ್ತದೋ ಅಷ್ಟು ಬಲವಾಗಿ ಒತ್ತಿ ನೋಡಿ. ಆಗಲೂ ಮಂಡಿ ತುಸು ಬಾಗಿರಬೇಕು. ಕಾಲು ಪೂರ್ತಿ ನೇರವಾಗಿಬಿಟ್ಟರೆ ಸೀಟು ದೂರವಾಯಿತು. ತುರ್ತಿನಲ್ಲಿ ಬೇಕಾದಷ್ಟು ಒತ್ತಡ ಬೀಳುವುದಿಲ್ಲ.

ಇನ್ನು ಪೆಡಲ್‌ಗಳ ಜೋಡಣೆ. ಬ್ರೇಕ್ ಪೆಡಲ್ ಅಗಲವಾಗಿ, ಆಕ್ಸಿಲರೇಟರಿಗಿಂತ ಎತ್ತರದಲ್ಲಿರುತ್ತದೆ. ಈ ಎತ್ತರದ ಮೆಟ್ಟಿಲು ಬೇಕೆಂದೇ ಇಟ್ಟದ್ದು: ಬ್ರೇಕ್ ಒತ್ತುವಾಗ ಪಾದದ ಅಂಚು ಆಕ್ಸಿಲರೇಟರಿಗೆ ತಾಗಬಾರದು, ಯಾವ ಪೆಡಲ್ ಮೇಲಿದ್ದೇನೆಂದು ಕಾಲಿಗೇ ಗೊತ್ತಾಗಬೇಕು. ಆದರೆ ಎಲ್ಲ ಕಾರಿನಲ್ಲೂ ಈ ಅಂತರ ಒಂದೇ ಅಲ್ಲ. ನಿತ್ಯ ಹಾಕುವ ಶೂ ಹಾಕಿಕೊಂಡು ಕೂತು, ಆಕ್ಸಿಲರೇಟರಿನಿಂದ ಬ್ರೇಕಿಗೆ ಬೇಗ ಬೇಗ ಕಾಲು ಸಾಗಿಸಿ ನೋಡಿ. ಶೂನ ಎಡ ಅಂಚು ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಂಡರೆ ಆ ಕಾರು ಆ ಶೂಗೆ ಹೊಂದುವುದಿಲ್ಲ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ, ದಪ್ಪ ಅಟ್ಟೆಯ ಶೂ, ಒದ್ದೆಯಾದ ಬರಿಗಾಲು ಮೂರೂ ಬೇಡ. ಚಪ್ಪಲಿ ಕಳಚಿ ಪೆಡಲಿನ ಅಡಿ ಸೇರುತ್ತದೆ, ದಪ್ಪ ಅಟ್ಟೆ ಪೆಡಲಿನ ಸುಳಿವನ್ನು ಕಾಲಿಗೆ ಮುಟ್ಟಿಸುವುದಿಲ್ಲ.

ಟಾರ್ಕ್ ಕನ್ವರ್ಟರ್: ಕಾಲಿಗೆ ಅತ್ಯಂತ ಹಿತ

ಇಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಹೊರಡುವಾಗ ಉಜ್ಜುವ ಕ್ಲಚ್ ಇಲ್ಲ, ಎಣ್ಣೆ ಇದೆ. ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಎರಚುತ್ತದೆ, ಆ ಹರಿವಿಗೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತದೆ. ಬ್ರೇಕ್ ಹಿಡಿದು ಡಿಯಲ್ಲೇ ನಿಂತರೂ ಎಣ್ಣೆ ಜಾರಿಕೊಳ್ಳುತ್ತದೆ, ಯಾವ ಭಾಗವೂ ಸವೆಯುವುದಿಲ್ಲ. ಹಾಗಾಗಿ ಕ್ರೀಪ್ ನಯವಾಗಿ, ಪ್ರತಿ ಸಲವೂ ಒಂದೇ ಹದದಲ್ಲಿ ಬರುತ್ತದೆ. ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಅಷ್ಟೇ ಚಲನೆ ಸಿಗುವುದು ಈ ಬಗೆಯ ಗುಣ. ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕೆಲ್ಲ ನ್ಯೂಟ್ರಲ್‌ಗೆ (ಎನ್) ಹಾಕುವ ಅಗತ್ಯವಿಲ್ಲ, ಡಿಯಲ್ಲೇ ಬ್ರೇಕ್ ಹಿಡಿದು ನಿಲ್ಲಬಹುದು.

ತಪ್ಪಾಗುವುದು ಏರಿನಲ್ಲಿ. ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಹದವಾಗಿ ಒತ್ತಿ ಕಾರನ್ನು ಇದ್ದಲ್ಲೇ ತಡೆದು ನಿಲ್ಲಿಸುವವರಿದ್ದಾರೆ. ಆಗ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಅತಿಯಾಗಿ ಕಾದ ಗೇರ್ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹಿಡಿದು ಗುಣ ಕಳೆದುಕೊಳ್ಳುತ್ತದೆ. ನಿಲ್ಲಿಸುವ ಕೆಲಸ ಯಾವಾಗಲೂ ಬ್ರೇಕಿನದು.

ಓವರ್‌ಟೇಕ್‌ಗೆ ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿದರೆ ಗೇರ್ ಒಂದೆರಡು ಮೆಟ್ಟಿಲು ಇಳಿದು ಕಾರು ನುಗ್ಗುತ್ತದೆ, ಇದು ಕಿಕ್‌ಡೌನ್. ಒತ್ತಿದ್ದಕ್ಕೂ ನುಗ್ಗುವುದಕ್ಕೂ ನಡುವೆ ಒಂದು ಚಿಕ್ಕ ತಡ ಇದೆ. ಆ ತಡವನ್ನು ಲೆಕ್ಕಕ್ಕೆ ಹಿಡಿದೇ ಬಲಕ್ಕೋ ಎಡಕ್ಕೋ ತೆಗೆಯಬೇಕು, ತೆಗೆದ ಮೇಲೆ ಒತ್ತುವುದಲ್ಲ.

ಸಿವಿಟಿ: ಒತ್ತಿ, ಕಾಯಿರಿ

ಬಹಳಷ್ಟು ಸಿವಿಟಿಗಳಲ್ಲಿ ಹೊರಡುವಾಗಿನ ಕೆಲಸ ಟಾರ್ಕ್ ಕನ್ವರ್ಟರಿನದೇ, ಹಾಗಾಗಿ ನಿಧಾನದ ಓಡಾಟದಲ್ಲಿ ಇದೂ ಅಷ್ಟೇ ಹಿತ. ವ್ಯತ್ಯಾಸ ಕಾಣುವುದು ಆಕ್ಸಿಲರೇಟರಿನಲ್ಲಿ. ಒಳಗೆ ಗೇರುಗಳ ಮೆಟ್ಟಿಲಿಲ್ಲ. ಎರಡು ರಾಟೆಗಳ ನಡುವೆ ಲೋಹದ ಬೆಲ್ಟು ಓಡುತ್ತದೆ, ರಾಟೆಗಳ ಅಗಲ ಬದಲಾದ ಹಾಗೆ ಅನುಪಾತ ಬದಲಾಗುತ್ತದೆ. ಪೆಡಲ್ ಜೋರಾಗಿ ಒತ್ತಿದರೆ ಮೊದಲು ಎಂಜಿನ್ನಿನ ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಎಂದು ಎಲ್ಲರೂ ಹೇಳುವುದು ಇದನ್ನೇ. ಸದ್ದು ಬಂತು, ವೇಗ ಬರಲಿಲ್ಲ ಎಂದು ಇನ್ನಷ್ಟು ಒತ್ತಿದರೆ ಬೇಕಾದದ್ದಕ್ಕಿಂತ ಹೆಚ್ಚು ವೇಗ ಒಮ್ಮೆಲೇ ಬರುತ್ತದೆ. ಪೆಡಲನ್ನು ಕಾಲು ಭಾಗದಷ್ಟು ಒತ್ತಿ, ಅಲ್ಲೇ ಹಿಡಿದು, ವೇಗ ಏರುವುದನ್ನು ಕಾಯಬೇಕು. ಬೇಕಾದ ವೇಗ ಬಂದಾಗ ತುಸು ಸಡಿಲಿಸಿದರೆ ಎಂಜಿನ್ ಸದ್ದು ತಗ್ಗಿಸಿ ಓಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಡಿಯಲ್ಲಿ ಎಂಜಿನ್ನಿನ ಹಿಡಿತ ಕಡಿಮೆ ಇರುತ್ತದೆ. ಲಿವರಿನಲ್ಲಿ ಎಂಜಿನ್ನಿನ ಹಿಡಿತ ಹೆಚ್ಚಿಸುವ ಎಲ್, ಎಸ್ ಅಥವಾ ಬಿ ಇದ್ದರೆ ಇಳಿಯುವ ಮೊದಲೇ ಹಾಕಿಕೊಳ್ಳಬೇಕು.

ಡಿಸಿಟಿ: ವೇಗದಲ್ಲಿ ಮೊದಲು, ಜಾಮ್‌ನಲ್ಲಿ ಕೊನೆ

ಎರಡು ಕ್ಲಚ್‌ಗಳ ಈ ಗೇರ್‌ಬಾಕ್ಸ್ ತೆರೆದ ರಸ್ತೆಯಲ್ಲಿ ಬಲಗಾಲಿಗೆ ಕೊಡುವಷ್ಟು ಚುರುಕಾದ ಉತ್ತರವನ್ನು ಬೇರೆ ಯಾವ ಗೇರ್‌ಬಾಕ್ಸೂ ಕೊಡುವುದಿಲ್ಲ. ಆದರೆ ಇದರ ಕ್ರೀಪ್ ಎಣ್ಣೆಯ ಹರಿವಿನಿಂದ ಬಂದದ್ದಲ್ಲ. ಕಂಪ್ಯೂಟರ್ ಕ್ಲಚ್ಚನ್ನು ಅರೆಬರೆ ಕಚ್ಚಿಸಿ, ಜಾರಿಸುತ್ತ ಕಾರನ್ನು ತೆವಳಿಸುತ್ತದೆ. ಮ್ಯಾನುಯಲ್‌ನಲ್ಲಿ ಹಾಫ್ ಕ್ಲಚ್ ಹಿಡಿದಂತೆಯೇ ಇದೂ, ಹಿಡಿಯುವವರು ಮಾತ್ರ ಬೇರೆ. ಡ್ರೈ ಕ್ಲಚ್‌ನ ಡಿಸಿಟಿಯಲ್ಲಿ ಆ ಬಿಸಿಯನ್ನು ಒಯ್ಯಲು ಎಣ್ಣೆಯೂ ಇಲ್ಲ.

ಹಾಗಾಗಿ ಜಾಮ್‌ನಲ್ಲಿ ಬ್ರೇಕನ್ನು ಅರ್ಧ ಒತ್ತಿ ಅಂಗುಲ ಅಂಗುಲ ತೆವಳುವುದು ಡಿಸಿಟಿಗೆ ಮಾಡುವ ದೊಡ್ಡ ಅನ್ಯಾಯ. ಸರಿಯಾದ ಕ್ರಮ ಇದು: ಮುಂದಿನ ಗಾಡಿ ಸರಿದರೂ ಕೂಡಲೇ ಹೋಗಬೇಡಿ, ಒಂದು ಕಾರಿನುದ್ದ ಜಾಗವಾಗಲಿ. ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮೆಲ್ಲಗೆ ಮುಟ್ಟಿ ಕ್ಲಚ್ ಪೂರ್ತಿ ಕಚ್ಚುವಂತೆ ಸಾಗಿ. ನಿಲ್ಲುವಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಪೂರ್ತಿ ನಿಲ್ಲಿಸಿ. ಗಟ್ಟಿಯಾಗಿ ಒತ್ತಿದಾಗ ಕ್ಲಚ್ ಪೂರ್ತಿ ಬಿಟ್ಟುಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರಿನಿಂದ ಕಾರನ್ನು ತಡೆದು ನಿಲ್ಲಿಸಿದರೆ ಟಾರ್ಕ್ ಕನ್ವರ್ಟರಿಗಿಂತ ಬಹಳ ಬೇಗ ಹಾನಿಯಾಗುತ್ತದೆ. ಸುಟ್ಟ ವಾಸನೆ, ಹೊರಡುವಾಗ ನಡುಕ, ಮೀಟರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾದ ಎಚ್ಚರಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿಗೆ (ಪಾರ್ಕ್) ಹಾಕಿ, ಕಾರಿನ ಜೊತೆ ಬರುವ ಪುಸ್ತಕ ಹೇಳಿದಷ್ಟು ಹೊತ್ತು ಆರಲು ಬಿಡಬೇಕು. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್‌ನದು ಇದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಜಾಮ್‌ನಲ್ಲೇ ದಿನ ಕಳೆಯುವವರು ಡ್ರೈ ಕ್ಲಚ್ ಡಿಸಿಟಿ ಆರಿಸದಿರುವುದೇ ಸರಿ.

ಎಎಂಟಿ: ಕಾಲು ಕಲಿತರೆ ಒಳ್ಳೆಯ ಪೆಟ್ಟಿಗೆ

ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಎರಡನ್ನೂ ಕಾಲು ಕೈಗಳ ಬದಲು ಯಂತ್ರ ಮಾಡುತ್ತದೆ. ಗೇರ್ ಬದಲಾಗುವ ಕ್ಷಣ ಎಂಜಿನ್ನಿನ ಎಳೆತ ಕಡಿದುಹೋಗುವುದರಿಂದ ತಲೆ ಮುಂದಕ್ಕೆ ತೂಗುತ್ತದೆ. ಇದು ದೋಷವಲ್ಲ, ಇದರ ಸ್ವಭಾವ. ಗೇರ್ ಏರುವ ಹೊತ್ತಿಗೆ ಆಕ್ಸಿಲರೇಟರನ್ನು ತುಸು ಸಡಿಲಿಸಿ, ಗೇರ್ ಬಿದ್ದ ಮೇಲೆ ಮತ್ತೆ ಒತ್ತಿದರೆ ಆ ತೂಗು ಬಹುಪಾಲು ಮಾಯವಾಗುತ್ತದೆ. ಮ್ಯಾನುಯಲ್ ಓಡಿಸಿದವರಿಗೆ ಇದು ಬೇಗ ಕೈಗೂಡುತ್ತದೆ. ಸದಾ ಒಂದೇ ಸಮ ಒತ್ತಿಹಿಡಿಯುವವರಿಗೆ ಎಎಂಟಿ ಒರಟು ಅನ್ನಿಸುತ್ತದೆ, ಅವರು ಅದನ್ನು ಬೈಯುವುದೂ ಸಹಜ.

ಏರಿನಲ್ಲಿ ಇದು ಹಿಂದಕ್ಕೆ ಜಾರುತ್ತದೆ. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡಿನಷ್ಟು ಕಾರನ್ನು ಹಿಡಿದಿಡುತ್ತದೆ, ಅಷ್ಟರೊಳಗೆ ಆಕ್ಸಿಲರೇಟರ್ ಮುಟ್ಟಬೇಕು. ಹಿಲ್ ಹೋಲ್ಡ್ ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಕಾರಿನ ಹಿಂಭಾಗ ತುಸು ಕುಗ್ಗಿ ಎಳೆತ ಬಂದದ್ದು ಗೊತ್ತಾದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಬೇಕು. ದೀರ್ಘ ಸಿಗ್ನಲ್‌ನಲ್ಲಿ ಎನ್‌ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯುವುದು ಒಳ್ಳೆಯದು. ಅನೇಕ ಎಎಂಟಿಗಳಲ್ಲಿ ಪಿ ಇರುವುದೇ ಇಲ್ಲ. ಅಂಥವನ್ನು ನಿಲ್ಲಿಸಿ ಹೋಗುವಾಗ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲೇ ಇಟ್ಟು ಎಂಜಿನ್ ಆರಿಸಬೇಕು.

ಎಲೆಕ್ಟ್ರಿಕ್: ಒಂದೇ ಪೆಡಲಿನ ಸುಖ, ಒಂದು ಎಚ್ಚರ

ಇಲ್ಲಿ ಕ್ರೀಪ್ ಪೂರ್ತಿ ಸಾಫ್ಟ್‌ವೇರಿನ ಕೆಲಸ. ಕೆಲವು ಕಾರುಗಳಲ್ಲಿ ಬೇಕಾದರೆ ಇಡಬಹುದು, ಬೇಡದಿದ್ದರೆ ತೆಗೆಯಬಹುದು. ಮೋಟಾರಿನ ಎಳೆತ ಮೊದಲ ಕ್ಷಣದಿಂದಲೇ ಪೂರ್ತಿ ಸಿಗುತ್ತದೆ, ಆದ್ದರಿಂದ ಆಕ್ಸಿಲರೇಟರನ್ನು ಮುಟ್ಟುವುದೂ ಬೇರೆ, ಒತ್ತುವುದೂ ಬೇರೆ. ಒನ್ ಪೆಡಲ್ ಮೋಡ್‌ನಲ್ಲಿ ಕಾಲು ಎತ್ತಿದರೇ ಬ್ರೇಕ್ ಹಿಡಿದಂತೆ: ಮೋಟಾರು ಜನರೇಟರಾಗಿ ವೇಗವನ್ನು ಬ್ಯಾಟರಿಗೆ ತುಂಬುತ್ತದೆ. ಕಾಲನ್ನು ಥಟ್ಟನೆ ಎತ್ತಬಾರದು, ಬೆರಳುಗಳಿಂದ ಹಿಮ್ಮಡಿಯ ಕಡೆಗೆ ಸುರುಳಿ ಬಿಚ್ಚಿದ ಹಾಗೆ ಸಡಿಲಿಸಬೇಕು. ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ ಹೀಗೆ ಕಾಲು ಎತ್ತಿದಾಗಿನ ವೇಗ ಇಳಿತ ಪ್ರತಿ ಸೆಕೆಂಡಿಗೆ 1.3 ಮೀ/ಸೆ. ದಾಟಿದರೆ ಬ್ರೇಕ್ ಲೈಟ್ ಹತ್ತಲೇಬೇಕು. ಅದಕ್ಕಿಂತ ಮೆಲ್ಲಗೆ ಇಳಿದರೆ ಹಿಂದಿನವರಿಗೆ ಸೂಚನೆ ಸಿಗದೆಯೂ ಇರಬಹುದು.

ಎಚ್ಚರ ಯಾವುದೆಂದರೆ, ಬ್ಯಾಟರಿ ಪೂರ್ತಿ ತುಂಬಿದಾಗ, ಬಹಳ ತಣ್ಣಗಿದ್ದಾಗ ಈ ಹಿಡಿತ ಕುಗ್ಗುತ್ತದೆ. ನಿನ್ನೆ ಕಾಲು ಎತ್ತಿದಾಗ ನಿಂತ ಕಾರು ಇಂದು ಬೆಳಿಗ್ಗೆ ಚಾರ್ಜ್ ಮುಗಿಸಿ ಹೊರಟಾಗ ಅಷ್ಟೇ ದೂರದಲ್ಲಿ ನಿಲ್ಲಲಾರದು. ಜೊತೆಗೆ ಬ್ರೇಕ್ ಪೆಡಲ್ ಮುಟ್ಟದೆ ದಿನಗಟ್ಟಲೆ ಓಡಿಸಿದವರ ಕಾಲಿಗೆ ಅದರ ಜಾಗ ಮರೆಯುತ್ತದೆ, ಡಿಸ್ಕಿಗೂ ತುಕ್ಕು ಹಿಡಿಯುತ್ತದೆ. ರೀಜೆನ್ (ಕಾಲು ಎತ್ತಿದಾಗಿನ ಈ ಹಿಡಿತ) ಮಟ್ಟವನ್ನು ನಡುವಿನಲ್ಲಿಟ್ಟು, ದಿನಾ ಒಂದಿಷ್ಟು ಸಲ ಬ್ರೇಕನ್ನೇ ಬಳಸುವುದು ನಮ್ಮ ಸಲಹೆ.

ತಪ್ಪು ಪೆಡಲ್ ಮೇಲೆ ಕಾಲು

ಆಟೋಮ್ಯಾಟಿಕ್‌ನ ದೊಡ್ಡ ಅಪಘಾತಗಳ ಮೂಲ ಇದು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತುವುದು, ಕಾರು ನುಗ್ಗಿದಾಗ ಬ್ರೇಕ್ ಹಿಡಿಯುತ್ತಿಲ್ಲ ಎಂದು ಇನ್ನೂ ಜೋರಾಗಿ ಅದನ್ನೇ ಒತ್ತುವುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರು ತಾನಾಗಿ ನುಗ್ಗುತ್ತದೆ ಎಂದು ದೊಡ್ಡ ಗದ್ದಲವಾಯಿತು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಹಲವು ಕಂಪನಿಗಳ ಕಾರುಗಳನ್ನು ಪರಿಶೀಲಿಸಿ 1989ರಲ್ಲಿ ಕೊಟ್ಟ ವರದಿ, ಬಹುಪಾಲು ಪ್ರಕರಣಗಳಿಗೆ ಕಾರಣ ತಪ್ಪು ಪೆಡಲ್ ಎಂದಿತು. ಬ್ರೇಕ್ ಒತ್ತದೆ ಪಿಯಿಂದ ಗೇರ್ ಕದಲದಂತೆ ಮಾಡುವ ಶಿಫ್ಟ್ ಲಾಕ್ ವ್ಯಾಪಕವಾಗಿ ಬಂದದ್ದು ಆ ಗದ್ದಲದ ಫಲವಾಗಿ. 2009ರಲ್ಲಿ ಟೊಯೋಟಾ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿದ್ದು ಬೇರೆ ಕಾರಣಕ್ಕೆ: ನೆಲದ ಮ್ಯಾಟ್ ಆಕ್ಸಿಲರೇಟರನ್ನು ಒತ್ತಿದ ಸ್ಥಿತಿಯಲ್ಲೇ ಹಿಡಿದಿಡುವ ಸಾಧ್ಯತೆ. ಅದಾದ ಮೇಲೆ, ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ನಿನ ಶಕ್ತಿ ತಗ್ಗಿಸುವ ಬ್ರೇಕ್ ಓವರ್‌ರೈಡ್ ಹೊಸ ಕಾರುಗಳಲ್ಲಿ ಸಾಮಾನ್ಯವಾಯಿತು. ಜಪಾನಿನಲ್ಲಿ 2028ರಿಂದ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ತಪ್ಪು ಪೆಡಲ್ ಒತ್ತಿದಾಗ ನುಗ್ಗದಂತೆ ತಡೆಯುವ ಸಾಧನ ಕಡ್ಡಾಯವಾಗುತ್ತದೆ. ಕೊಳ್ಳುವ ಕಾರಿನಲ್ಲಿ ಇದು ಇದ್ದರೆ ಸನ್‌ರೂಫಿಗಿಂತ ಬೆಲೆಬಾಳುವ ಸೌಲಭ್ಯ ಎಂದೇ ತಿಳಿಯಿರಿ.

ಈ ತಪ್ಪು ಹೆಚ್ಚಾಗಿ ಆಗುವುದು ನಿಧಾನದಲ್ಲಿ, ಅದರಲ್ಲೂ ರಿವರ್ಸ್‌ನಲ್ಲಿ. ಹಿಂದಕ್ಕೆ ನೋಡಲು ಸೊಂಟ ತಿರುಗಿಸಿದಾಗ ಕಾಲೂ ಗೊತ್ತಿಲ್ಲದೆ ಜಾಗ ಬದಲಿಸುತ್ತದೆ. ತಿರುಗುವ ಮೊದಲು ಕಾಲು ಬ್ರೇಕಿನ ನಡುವಿದೆಯೇ ಎಂದು ಒಮ್ಮೆ ಒತ್ತಿ ಖಚಿತ ಮಾಡಿಕೊಂಡು, ಬರೀ ಕ್ರೀಪಿನಲ್ಲೇ ಹಿಂದೆ ಬರಬೇಕು. ಟಿಕೆಟ್ ಪಡೆಯಲು ಕಿಟಕಿಯಿಂದ ಕೈ ಚಾಚುವಾಗಲೂ ಇದೇ ಅಪಾಯ. ಮೊದಲು ಪಿ, ಆಮೇಲೆ ಕೈ. ಡಿಯಿಂದ ಆರ್‌ಗೆ ಹಾಕುವುದು ಕಾರು ಪೂರ್ತಿ ನಿಂತ ಮೇಲೆ ಮಾತ್ರ.

ಆಟೋ ಹೋಲ್ಡ್ ಇರುವ ಕಾರಿನಲ್ಲಿ ಬ್ರೇಕ್ ಬಿಟ್ಟರೂ ಕಾರು ನಿಂತೇ ಇರುತ್ತದೆ, ಆಕ್ಸಿಲರೇಟರ್ ಮುಟ್ಟಿದಾಗ ಹೊರಡುತ್ತದೆ. ಸಿಗ್ನಲ್‌ಗಳಲ್ಲಿ ಕಾಲಿಗೆ ಒಳ್ಳೆಯ ವಿರಾಮ. ಪಾರ್ಕಿಂಗ್ ಮಾಡುವಾಗ ಮಾತ್ರ ಇದನ್ನು ಆಫ್ ಮಾಡಿ: ನಿಂತ ಕಾರನ್ನು ಒಂದು ಗೇಣು ಸರಿಸಲು ಆಕ್ಸಿಲರೇಟರೇ ಬೇಕಾಗುತ್ತದೆ, ಗೋಡೆಯ ಹತ್ತಿರ ಅದು ಬೇಡ.

ನಿಲ್ಲಿಸಿ ಇಳಿಯುವ ಕ್ರಮ ಬಹುಮಂದಿ ತಪ್ಪಿಸುತ್ತಾರೆ. ಬ್ರೇಕ್ ಒತ್ತಿ ನಿಲ್ಲಿಸಿ, ಎನ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಈಗ ಬ್ರೇಕ್ ಪೆಡಲ್ ಮೆಲ್ಲಗೆ ಬಿಟ್ಟು ಕಾರಿನ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ, ಎಂಜಿನ್ ಆರಿಸಿ. ಪಿಯಲ್ಲಿ ಕಾರನ್ನು ಹಿಡಿಯುವುದು ಗೇರ್‌ಬಾಕ್ಸಿನೊಳಗಿನ ಒಂದು ಚಿಕ್ಕ ಲೋಹದ ಕೊಕ್ಕೆ. ಇಳಿಜಾರಿನಲ್ಲಿ ನೇರವಾಗಿ ಪಿಗೆ ಹಾಕಿ ಬ್ರೇಕ್ ಬಿಟ್ಟರೆ ಇಡೀ ಕಾರಿನ ಭಾರ ಅದರ ಮೇಲೆ ಬೀಳುತ್ತದೆ. ಮರುದಿನ ಪಿಯಿಂದ ತೆಗೆಯುವಾಗ ಲಿವರ್ ಬಿಗಿಯಾಗಿ, ಧಡ್ ಎಂದು ಸದ್ದು ಬರುವುದು ಅದಕ್ಕೇ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎನ್‌ಗೆ ಹಾಕುವುದರಲ್ಲಿ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂದಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ಎನ್‌ನಲ್ಲಿ ಐಡಲ್‌ಗೆ ಇಂಧನ ಬೇಕು. ಎಂಜಿನ್ನಿನ ಹಿಡಿತ ಹೋಗಿ ಎಲ್ಲ ಭಾರ ಬ್ರೇಕಿಗೆ ಬಿದ್ದು, ಪ್ಯಾಡ್ ಕಾದು, ಬ್ರೇಕ್ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯುತ್ತದೆ.

ತುರ್ತಾಗಿ ನಿಲ್ಲಿಸಬೇಕಾದಾಗ ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿ ಹಿಡಿಯಿರಿ. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ನಿಂದ ಪೆಡಲ್ ಗಡಗಡ ನಡುಗಿದರೆ ಹೆದರಿ ಕಾಲು ಎತ್ತಬಾರದು. ಆಕ್ಸಿಲರೇಟರ್ ಸಿಕ್ಕಿಕೊಂಡು ಕಾರು ನುಗ್ಗಿದರೆ ಬ್ರೇಕನ್ನು ಪಂಪ್ ಮಾಡಬೇಡಿ: ಪೆಟ್ರೋಲ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿದ್ದಾಗ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಹೊಸ ನಿರ್ವಾತ ಸಿಗುವುದಿಲ್ಲ, ಇರುವ ಸಹಾಯ ಎರಡು ಮೂರು ಒತ್ತಿಗೇ ಮುಗಿಯುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಎನ್‌ಗೆ ಹಾಕಿ, ಬದಿಗೆ ನಿಲ್ಲಿಸಿ ಆಮೇಲೆ ಎಂಜಿನ್ ಆರಿಸಿ. ಬಟನ್ ಸ್ಟಾರ್ಟ್ ಕಾರು ಓಡುತ್ತಿರುವಾಗ ಆರಿಸಲು ಬಟನ್ನನ್ನು ಒತ್ತಿ ಹಿಡಿಯಬೇಕೋ, ಬೇಗ ಬೇಗ ಹಲವು ಸಲ ಒತ್ತಬೇಕೋ ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಕಾರು ಕೈಗೆ ಬಂದ ದಿನವೇ ಓದಿಕೊಳ್ಳಿ.

ಕೊಳ್ಳುವವರಿಗೆ ನಮ್ಮ ಶಿಫಾರಸು: ಹೊಸದಾಗಿ ಕಲಿಯುವವರಿಗೆ, ಹಿರಿಯರಿಗೆ ಟಾರ್ಕ್ ಕನ್ವರ್ಟರ್ ಅಥವಾ ಅದನ್ನೇ ಬಳಸುವ ಸಿವಿಟಿ. ಮ್ಯಾನುಯಲ್‌ನಲ್ಲಿ ಕೈ ಪಳಗಿದ್ದು ಕಡಿಮೆ ಖರ್ಚು ನೋಡುವವರಿಗೆ, ಹಿಲ್ ಹೋಲ್ಡ್ ಇದ್ದರೆ ಮಾತ್ರ, ಎಎಂಟಿ. ಖಾಲಿ ರಸ್ತೆಯಲ್ಲಿ ದೂರ ಹೋಗುವವರಿಗೆ ಡಿಸಿಟಿ. ಟೆಸ್ಟ್ ಡ್ರೈವ್‌ಗೆ ಹೋದಾಗ ಒಂದು ಏರು, ಒಂದು ಇಕ್ಕಟ್ಟಾದ ಪಾರ್ಕಿಂಗ್ ಜಾಗ ಕೇಳಿ ಪಡೆಯಿರಿ. ಎರಡೂ ಕಡೆ ಆಕ್ಸಿಲರೇಟರ್ ಮುಟ್ಟದೆ ಬ್ರೇಕನ್ನು ಮಾತ್ರ ಬಿಟ್ಟು ನೋಡಿ. ಗಾಡಿ ಮನೆಗೆ ಬಂದ ಮೇಲೆ, ಕಂಪನಿಯ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಸಬೇಡಿ, ಇರುವ ಮ್ಯಾಟನ್ನು ನೆಲದ ಕ್ಲಿಪ್ಪಿಗೆ ಸಿಕ್ಕಿಸಿ, ನೀರಿನ ಬಾಟಲಿಯನ್ನು ಉರುಳಿ ಬ್ರೇಕಿನ ಅಡಿ ಸೇರದಂತೆ ಬಾಗಿಲ ಚೀಲದಲ್ಲೇ ಇಡಿ.